ಓಕ್‌ಬುನ್ ದೊಡ್ಡಮ್ಮ ಬೆಂಕಿ ಹಾಕದ ಕೋಣೆ

ನಮ್ಮ ಗಣಿ ಊರಿನಲ್ಲಿ ಕೋಣೆ ಬಾಡಿಗೆಗೆ ಕೊಡುವ ಹೆಂಗಸರೆಲ್ಲ ಬಾಗಿಲು ತೆರೆದಿಟ್ಟರೆ ಬೈಯುತ್ತಿದ್ದರು, ಒಲೆ ಉರಿಸಿ ಕಾಯಿಸಿದ ನೆಲದ ಕಾವೆಲ್ಲ ಬೀದಿಪಾಲಾಗುತ್ತದೆ ಎಂದು. ಓಕ್‌ಬುನ್ ದೊಡ್ಡಮ್ಮ ಒಬ್ಬಳು ಮಾತ್ರ ಬಾಗಿಲು ಮುಚ್ಚಿದರೆ ಬೈಯುತ್ತಿದ್ದಳು. ಅಂಗಳದ ಕೊಳಾಯಿ ಹೆಪ್ಪುಗಟ್ಟಿ ನಿಂತ ಚಳಿಯಲ್ಲೂ ಅವಳ ಮನೆಯ ಪ್ರತಿ ಕೋಣೆಯ ಬಾಗಿಲು ಒಂದು ಬೆರಳಷ್ಟು ತೆರೆದಿರಬೇಕು. ಇಲ್ಲವಾದರೆ ಪೊರಕೆ ಹಿಡಿದು ಬಂದು ಅದರ ಹಿಡಿಯಿಂದ ಬಾಗಿಲ ಚೌಕಟ್ಟಿಗೆ ಅಂಟಿಸಿದ ಕಾಗದಕ್ಕೇ ತೂತು ಹೊಡೆಯುತ್ತಿದ್ದಳು. ಬಾಡಿಗೆಗಿದ್ದ ನಾವು ಅಂಟು ಹಚ್ಚಿ ಮುಚ್ಚುವುದು, ಅವಳು ಮತ್ತೆ ಹೊಡೆಯುವುದು, ಇದೇ ನಡೆಯುತ್ತಿತ್ತು.

"ಬೀದಿ ಕಾಯ್ಸೋಕೆ ನಾನು ಇದ್ದಲು ಹೊತ್ಕೊಂಡು ಬರ್ತಿದೀನಾ ದೊಡ್ಡಮ್ಮಾ?" ಎಂದು ನನ್ನ ಗಂಡ ತೇಸಿಕ್ ಒಮ್ಮೆ ರೇಗಿಸಿದ.

"ಕಾಯ್ಸಪ್ಪಾ, ಬೀದಿನೂ ಕಾಯ್ಸು. ಬೆಳಿಗ್ಗೆ ಎದ್ದು ನನ್ನ ಬೈಯೋಕೆ ನಿನ್ನ ಬಾಯಿ ಇರುತ್ತಲ್ಲ, ಅಷ್ಟು ಸಾಕು" ಎಂದಳು ಅವಳು.

ಅವಳ ಮಾತು ತಮಾಷೆಯಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಹೊರಗಿನ ಒಲೆಬಾಯಿಯಲ್ಲಿ ಇದ್ದಲ ಬಿಲ್ಲೆ ಉರಿದರೆ ಬಿಸಿ ಹೊಗೆ ನೆಲಗಲ್ಲುಗಳ ಅಡಿಯಲ್ಲಿ ಹರಿದು ಆಚೆ ಬದಿಯ ಚಿಮಣಿಯಲ್ಲಿ ಏರಬೇಕು. ಏರಿದರೆ ಸುಖ. ಏರದೆ ಎಲ್ಲಾದರೂ ಕಲ್ಲಿನ ಬಿರುಕು, ನೆಲಕ್ಕೆ ಅಂಟಿಸಿದ ಎಣ್ಣೆ ಕಾಗದದ ಸೀಳು ಸಿಕ್ಕಿ ಮೇಲೆ ಬಂದರೆ, ಮಲಗಿದವರು ಮಲಗಿದ ಹಾಗೇ ಹೋಗಿಬಿಡುತ್ತಾರೆ. ವರ್ಷಕ್ಕೆ ಒಂದಾದರೂ ಅಂಥ ಸಾವು ನಮ್ಮ ಓಣಿಗಳಲ್ಲಿ ಆಗುತ್ತಿತ್ತು. ಆದರೂ ಎಲ್ಲರೂ ಬಾಗಿಲು ಮುಚ್ಚಿಕೊಂಡೇ ಮಲಗುತ್ತಿದ್ದರು. ಚಳಿ ಕಣ್ಣಿಗೆ ಕಾಣುತ್ತದೆ, ಇದ್ದಲ ಗ್ಯಾಸ್ ಕಾಣುವುದಿಲ್ಲ.

ದೊಡ್ಡಮ್ಮ ಬೆಳಗಾದರೆ ಬರಿಗಾಲಿನಲ್ಲಿ ಎಲ್ಲರ ಕೋಣೆಗೂ ನುಗ್ಗಿ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು. ಯಾರು ಮಲಗಿದ್ದಾರೆ, ಯಾರು ಅರೆಬರೆ ಬಟ್ಟೆಯಲ್ಲಿದ್ದಾರೆ, ಯಾವುದೂ ಲೆಕ್ಕಕ್ಕಿಲ್ಲ. ಅಂಗಾಲಿಗೆ ಎಲ್ಲಾದರೂ ಕಾವು ಹೆಚ್ಚೆನಿಸಿದರೆ ಅಲ್ಲೇ ಮಂಡಿಯೂರಿ ಕೆನ್ನೆ ಇಟ್ಟು ಮೂಸುವಳು. ಚಳಿಗಾಲದಲ್ಲಿ ನೆಲದ ಕಾವಿಗೆ ಗಂಟಲು ಒಣಗುತ್ತದೆಂದು ಪ್ರತಿ ಕೋಣೆಗೂ ಒಂದು ಬೋಗುಣಿ ನೀರು ಇಡಿಸುವಳು, ಒಗೆದ ಬಟ್ಟೆ ಒಳಗೇ ಹರವಿಸುವಳು. ಮಳೆಗಾಲದಲ್ಲಿ ಇದರ ತದ್ವಿರುದ್ಧ. ಗೋಡೆ ಬೆವರಿ, ಹೊದಿಕೆ ಮುಗ್ಗಲು ಹಿಡಿದಾಗ ಮಧ್ಯಾಹ್ನ ಒಂದೇ ಒಂದು ಬಿಲ್ಲೆ ಹಾಕಿ, ಬಾಗಿಲುಗಳನ್ನೆಲ್ಲ ಹಾರುಹೊಡೆದು, ಜನರನ್ನೆಲ್ಲ ಜಗಲಿಗೆ ಅಟ್ಟಿ, ತೇವ ಹೊರಗೆ ಹೋಗುವವರೆಗೆ ಕಾವಲು ಕೂರುವಳು. ಕೂತಾಗ ಕಣ್ಣು ಯಾವಾಗಲೂ ಚಿಮಣಿಯ ಮೇಲೆ. ಹೊಗೆ ನೆಟ್ಟಗೆ ಏರಿದರೆ ಸರಿ. ಏರದೆ ಹೆಂಚಿನ ಮೇಲೆ ತೆವಳಿದರೆ ಒಲೆಬಾಯಿಯಿಂದ ಬಿಲ್ಲೆ ಎಳೆದು ನೀರು ಸುರಿಯುತ್ತಿದ್ದಳು.

ಸಾಲಿನ ಕೊನೆಯ ಕೋಣೆಯನ್ನು ಮಾತ್ರ ಅವಳು ಯಾರಿಗೂ ಕೊಡುತ್ತಿರಲಿಲ್ಲ. ಅಲ್ಲಿ ಅವಳ ಮಗಳು ಇನ್ಸುಕ್ ಬಾಣಂತಿಯಾಗಿ ಮಲಗಿದ್ದವಳು ಒಂದು ಮಳೆಗಾಲದಲ್ಲಿ ಗ್ಯಾಸ್ ಕುಡಿದು ಸತ್ತಿದ್ದಳು, ಕೂಸೂ ಉಳಿದಿರಲಿಲ್ಲ. ಆಮೇಲೆ ಆ ಒಲೆಬಾಯಿ ಬೆಂಕಿ ಕಂಡದ್ದೇ ಇಲ್ಲ. ಆದರೂ ಒಂದು ವಿಚಿತ್ರ ಇತ್ತು. ಚಳಿಗಾಲದಲ್ಲಿ ಹಿಮ ಬಿದ್ದು ಎಲ್ಲ ಮಾಡುಗಳೂ ಬೆಳ್ಳಗಾದಾಗ, ಆ ಕೋಣೆಯ ಒಲೆ ಬದಿಯ ಗೋಡೆಯ ಬುಡದಲ್ಲಿ ಹಾಸಿಗೆಯಷ್ಟಗಲ ಹಿಮ ನಿಲ್ಲುತ್ತಿರಲಿಲ್ಲ. ನಾನು ಕೇಳಿದೆ.

"ಪಕ್ಕದ ಕೋಣೆ ಕಾವು ಹರಿಯುತ್ತೆ" ಎಂದಳು ದೊಡ್ಡಮ್ಮ.

ಪಕ್ಕದ ಕೋಣೆ ನಮ್ಮದೇ. ಆ ವಾರ ನಮ್ಮಲ್ಲಿ ಇದ್ದಲು ಮುಗಿದು ನಾವೇ ಗಡಗಡ ನಡುಗುತ್ತಿದ್ದೆವು. ನಾನು ಮುಂದೆ ಕೇಳಲಿಲ್ಲ. ಬಾಡಿಗೆಗೆ ಕೋಣೆ ಸಿಗುವುದೇ ಕಷ್ಟವಾಗಿದ್ದ ಊರಿನಲ್ಲಿ ಗೋಡೆಯಾಚೆ ಏನಿದೆ ಎಂದು ಕೆದಕುವ ಹೆಂಗಸು ನಾನಲ್ಲ.

ಮುಂದಿನ ಮಳೆಗಾಲಕ್ಕೆ ನನಗೆ ದಿನ ತುಂಬಿತು. ಹಳ್ಳಿಯಿಂದ ಅತ್ತೆ ಬಂದಳು, ತಲೆಯ ಮೇಲೆ ಬಾಣಂತಿ ಸಾರಿಗೆಂದು ಕಡಲಪಾಚಿಯ ಕಂತೆ ಹೊತ್ತುಕೊಂಡು, ಬಾಯಲ್ಲಿ ಊರ ಎಲ್ಲ ಬಾಣಂತನಗಳ ಕತೆ ತುಂಬಿಕೊಂಡು. ಆ ವರ್ಷದ ಮಳೆ ಬಿಡುವೇ ಕೊಡಲಿಲ್ಲ. ನಮ್ಮ ಕೋಣೆಯ ಗೋಡೆಯಲ್ಲಿ ನೀರು ಇಳಿಯುತ್ತಿತ್ತು, ನೆಲದ ಕಾಗದ ಉಬ್ಬಿತ್ತು. ಅದೇ ಹೊತ್ತಿಗೆ ಮೇಲಿನ ಓಣಿಯಲ್ಲಿ ಗಣಿ ಕುಸಿದು ಸತ್ತವನೊಬ್ಬನ ಮನೆಗೆ ದೊಡ್ಡಮ್ಮ ಅಡುಗೆಯ ಸಹಾಯಕ್ಕೆ ಹೋಗಿದ್ದಳು. ನನಗೆ ನೋವು ಶುರುವಾದದ್ದು ಅವಳಿಲ್ಲದಾಗ.

"ಈ ಕೊಚ್ಚೆಗುಂಡಿಲಿ ನನ್ನ ಮೊಮ್ಮಗು ಹುಟ್ಟಬೇಕಾ?" ಎಂದು ಅತ್ತೆ ಕೊನೆಯ ಕೋಣೆಯ ಚಿಲಕ ಕಿತ್ತಳು. ಒಳಗೆ ನಾಲ್ಕು ಖಾಲಿ ಜಾಡಿ ಬಿಟ್ಟರೆ ಏನೂ ಇಲ್ಲ. ಗೋಡೆ ಒಣಗಿತ್ತು. ಊರಿಗೆ ಊರೇ ಮುಗ್ಗಲು ಹಿಡಿದಿದ್ದಾಗ ಆ ಕೋಣೆಯಲ್ಲಿ ಬಿಸಿಲಿಗೆ ಹಾಕಿ ತೆಗೆದ ಹತ್ತಿಯ ವಾಸನೆ ಇತ್ತು. "ನೋಡೇ, ಎಷ್ಟು ಚೊಕ್ಕವಾಗಿದೆ. ಯಾರೋ ನಿನಗೋಸ್ಕರ ಒಣಗಿಸಿ ಇಟ್ಟ ಹಾಗಿದೆ" ಎಂದಳು ಅತ್ತೆ. ಬೇಡ ಅನ್ನುವಷ್ಟು ತ್ರಾಣ ನನಗಿರಲಿಲ್ಲ.

ಹೆಣ್ಣು ಮಗು ಹುಟ್ಟಿತು. ಅತ್ತೆ ಮೂತಿ ಊದಿಸಿಕೊಂಡೇ ಹುಲ್ಲಿನ ಹಗ್ಗ ಹೊಸೆದು, ಇದ್ದಲ ತುಂಡು, ಪೈನ್ ರೆಂಬೆ ಸಿಕ್ಕಿಸಿ ಕೋಣೆಯ ಬಾಗಿಲಿಗೆ ಅಡ್ಡ ಕಟ್ಟಿದಳು. ಆ ಹಗ್ಗ ಕಟ್ಟಿದ ಮೇಲೆ ಮೂರು ವಾರ ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ಸಾವಿನ ಮನೆಯಿಂದ ಬಂದವರಂತೂ ಅದರ ನೆರಳಿಗೂ ಬರಬಾರದು. ತೇಸಿಕ್ ಗಣಿಯ ವಸತಿಗೆ ಮಲಗಲು ಹೋದ. ಅತ್ತೆ ಒಲೆಬಾಯಿಗೆ ಒಂದರ ಮೇಲೊಂದು ಬಿಲ್ಲೆ ಇಟ್ಟು, ಬಾಗಿಲ ಸಂದಿಗೆಲ್ಲ ಚಿಂದಿ ತುರುಕಿದಳು.

ದೊಡ್ಡಮ್ಮ ಮರಳಿ ಬಂದಾಗ ಹಗ್ಗ ಕಂಡು ಅಂಗಳದಲ್ಲೇ ನಿಂತುಬಿಟ್ಟಳಂತೆ. ನನಗೆ ಕೇಳಿಸಿದ್ದು ಅವಳ ದನಿ ಮಾತ್ರ.

"ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ, ಅವಳನ್ನ ಆ ಕೋಣೆಯಿಂದ ಈಚೆ ತನ್ನಿ."

"ಹಸಿ ಬಾಣಂತೀನ ಮಳೇಲಿ ಹೊರಗೆ ಎಳ್ಕೊಂಡು ಬರ್ಬೇಕಾ? ತಲೆ ನೆಟ್ಟಗಿದೆಯಾ ನಿಮಗೆ?"

"ಹೋಗ್ಲಿ, ಆ ಚಿಂದಿ ಆದ್ರೂ ತೆಗೀರಿ. ಒಂದು ಬೆರಳು ಬಾಗಿಲು ಬಿಡಿ."

"ಗಾಳಿ ಮೈಗೆ ಹೊಕ್ರೆ ಸಾಯೋತನಕ ಕೀಲು ನೋಯುತ್ತೆ. ನಾನು ಆರು ಹೆತ್ತೋಳು, ನಂಗೆ ಹೇಳ್ಕೊಡ್ಬೇಡಿ. ಮೊದ್ಲು ಆ ಕಡೆ ಹೋಗಿ, ಮೈಲಿಗೆ ಹೊತ್ಕೊಂಡು ಬಂದಿದೀರ!"

ಮೊದಲೆರಡು ದಿನ ಗಾಳಿ ಬೀಸುತ್ತಿತ್ತು, ಚಿಮಣಿ ಎಳೆಯುತ್ತಿತ್ತು. ದೊಡ್ಡಮ್ಮ ಎದುರಿನ ಜಗಲಿಯಲ್ಲಿ ಕೂತು ಗಳಿಗೆಗೊಮ್ಮೆ "ಸೂನಿಮ್, ಎಚ್ಚರ ಇದೀಯೇನೇ?" ಎಂದು ಕೂಗುವಳು. ನಾನು "ಹೂಂ" ಅನ್ನುವೆ. ಅತ್ತೆ "ಬಾಣಂತಿಗೆ ನಿದ್ದೆ ಮಾಡೋಕೂ ಬಿಡಲ್ವಲ್ಲ ಈ ಮುದುಕಿ" ಎಂದು ಗೊಣಗುವಳು. ನನಗೂ ರೇಗುತ್ತಿತ್ತು. ಒಲೆ ಬದಿಯ ಜಾಗ ಸುಡುವ ಹೆಂಚಾಗಿತ್ತು, ಬೆನ್ನಿನ ಚರ್ಮ ಕಂದಿ ಹೋಗಿತ್ತು, ಮೂರು ಹೊದಿಕೆಯಡಿ ಬೆವರಿ ಬೆವರಿ ನಾನು ಬೆಂದ ಗೆಣಸಾಗಿದ್ದೆ. ನಮ್ಮಲ್ಲಿ ಒಲೆ ಬದಿಯ ಜಾಗ ಮನೆಯ ಹಿರಿಯರಿಗೆ, ಬಂದ ನೆಂಟರಿಗೆ, ಬಾಣಂತಿಗೆ ಮೀಸಲು. ಅದನ್ನು ಬೇಡ ಅನ್ನುವುದು ಉಣಬಡಿಸಿದ ತಟ್ಟೆ ತಳ್ಳಿದ ಹಾಗೆ.

ಮೂರನೆಯ ದಿನ ಮಧ್ಯಾಹ್ನ ಮಳೆ ನಿಂತಿತು, ಗಾಳಿಯೂ ನಿಂತಿತು. ಮೋಡ ಗುಡ್ಡದಿಂದ ಇಳಿದು ಅಂಗಳಕ್ಕೇ ಬಂದು ಕೂತಿತು. ಅತ್ತೆ ಹೊರಗಿನಿಂದಲೇ ಇನ್ನೊಂದು ಬಿಲ್ಲೆ ಹಾಕಿ, ಬಾಗಿಲಿಗೆ ಚಿಂದಿ ಒತ್ತಿ, ಕೂಸಿನ ಬಟ್ಟೆ ಒಗೆಯಲು ಹಳ್ಳಕ್ಕೆ ಹೋದಳು. ಅವಳ ಹೆಜ್ಜೆ ದೂರವಾದದ್ದೇ ತಡ, ನಾನು ಹಠಕ್ಕೆ ಬಿದ್ದು ಕೂಸನ್ನು ಅದರ ಪುಟ್ಟ ಹಾಸಿನ ಸಮೇತ ಎತ್ತಿಕೊಂಡು ಬಾಗಿಲ ಬದಿಯ ತಣ್ಣನೆ ಮೂಲೆಗೆ ತೆವಳಿ ಹೋಗಿ ಮಲಗಿದೆ. ಬರಿ ನೆಲಕ್ಕೆ ಕೆನ್ನೆ ಇಟ್ಟಾಗ ಆದ ಸುಖವನ್ನು ಈಗಲೂ ಮರೆತಿಲ್ಲ.

ಸ್ವಲ್ಪ ಹೊತ್ತಿಗೆ ತಲೆ ಒಡೆಯುವಂತೆ ನೋಯತೊಡಗಿತು. ಆಮೇಲೆ ನೋವೂ ನಿಂತಿತು. ಕಣ್ಣು ಬಿಟ್ಟಾಗ ಒಲೆ ಬದಿಯಲ್ಲಿ, ನಾನು ಬಿಟ್ಟು ಬಂದ ಹಾಸಿಗೆಯ ಪಕ್ಕದಲ್ಲಿ, ಯಾರೋ ಕೂತಿದ್ದರು.

ನನ್ನದೇ ವಯಸ್ಸಿನ ಹೆಂಗಸು. ದುಂಡು ಮುಖ, ಬಿಳಿ ಒಳರವಿಕೆ, ಎದೆಯ ಮೇಲೆ ಹಾಲು ಒಸರಿ ಒದ್ದೆಯಾದ ಗುರುತು. ಮನೆಯೊಡತಿ ಕೂರುವ ಹಾಗೆ ಒಂದು ಮಂಡಿ ಎತ್ತಿ ಕೂತಿದ್ದಳು. ನನಗೆ ಹೆದರಿಕೆ ಆಗಲಿಲ್ಲ. ಈಗ ನೆನೆದರೆ ಮೈ ಜುಮ್ಮೆನ್ನುವುದು ಅದಕ್ಕೇ, ಆಗ ಸ್ವಲ್ಪವೂ ಹೆದರಿಕೆ ಆಗಲಿಲ್ಲ.

"ಅಲ್ಯಾಕೆ ಮಲಗಿದೀರಿ ಅಕ್ಕಾ?" ಎಂದಳು. ದನಿಯಲ್ಲಿ ನಾಚಿಕೆ ಇತ್ತು. "ತಣ್ಣಗಿರೋ ಕಡೆ ಮಲಗ್ತಾರಾ ಯಾರಾದ್ರೂ? ಬನ್ನಿ. ಇಲ್ಲಿ ಬೆಚ್ಚಗಿದೆ."

"ಇಲ್ಲ, ನಂಗೆ ಇಲ್ಲೇ ಹಾಯಾಗಿದೆ" ಎಂದೆ.

"ಅಯ್ಯೋ, ನಾನು ಜಾಗ ಬಿಡ್ತೀನಿ ಬನ್ನಿ. ಬಂದೋರನ್ನ ಚಳೀಲಿ ಮಲಗಿಸಿದ್ರೆ ಅಮ್ಮ ಬೈತಾಳೆ." ಅವಳು ಪಕ್ಕಕ್ಕೆ ಸರಿದು ಎಡಗೈಯಿಂದ ಹೊದಿಕೆಯ ಅಂಚು ಎತ್ತಿ ಹಿಡಿದಳು. ಅದರ ಒಳಗೆ ಕತ್ತಲೆ ಇತ್ತು, ಬೆಚ್ಚನೆಯ ಕತ್ತಲೆ. "ನಿಮಗೆ ಏಳೋಕಾಗದಿದ್ರೆ ಮೊದ್ಲು ಮಗೂನ ಕೊಡಿ. ಪಾಪ, ಅದರ ಕಾಲು ತಣ್ಣಗಾಗಿರುತ್ತೆ."

ಅಷ್ಟು ಒಳ್ಳೆಯ ಮಾತು. ಅಷ್ಟು ಮರ್ಯಾದೆಯ ಕರೆ. ನಾನು ಇನ್ನೂ ಎಷ್ಟು ಸಲ ಬೇಡ ಅನ್ನಲಿ? ಕೂಸು ಮಲಗಿದ್ದ ಪುಟ್ಟ ಹಾಸನ್ನು ಎರಡೂ ಕೈಯಿಂದ ಅವಳ ಕಡೆಗೆ ತಳ್ಳಿದೆ. ನುಣುಪು ನೆಲದ ಮೇಲೆ ಅದು ಸರಾಗವಾಗಿ ಜಾರಿತು. ಅವಳು ಕೈ ಚಾಚಿದಳು. ಇನ್ನೊಂದು ಸಲ ತಳ್ಳಿದರೆ ಸಿಗುತ್ತಿತ್ತು.

ಆಗ ಬಾಗಿಲು ಮುರಿಯಿತು.

ದೊಡ್ಡಮ್ಮ ಹುಲ್ಲಿನ ಹಗ್ಗವನ್ನು ಕೊರಳಲ್ಲಿ ಸಿಕ್ಕಿಸಿಕೊಂಡೇ ಒಳಗೆ ಬಿದ್ದಳು. ಕೂಸನ್ನು ಕಾಲು ಹಿಡಿದು ಎತ್ತಿ ಅಂಗಳದ ತೊಟ್ಟಿಯ ಪಕ್ಕದಲ್ಲಿಟ್ಟು, ನನ್ನನ್ನು ಕೂದಲು ಹಿಡಿದು ಹೊರಗೆಳೆದಳು. ಕೆಸರಿನಲ್ಲಿ ಬೋರಲು ಹಾಕಿ ಬೆನ್ನಿಗೆ ಗುದ್ದಿದಳು. ಗ್ಯಾಸ್ ಕುಡಿದವರಿಗೆ ಮದ್ದೆಂದು ಮೂಲಂಗಿ ಹುಳಿನೀರಿನ ಮಡಿಕೆಯೊಂದನ್ನು ಅವಳು ಬೇಸಿಗೆ, ಮಳೆಗಾಲ ಅನ್ನದೆ ಇಟ್ಟಿರುತ್ತಿದ್ದಳು. ಅದನ್ನು ಗಂಟಲಿಗೆ ಸುರಿದಳು. ನಾನು ವಾಂತಿ ಮಾಡಿಕೊಂಡೆ. ಕೂಸು ಬಹಳ ಹೊತ್ತು ಅಳಲಿಲ್ಲ. ದೊಡ್ಡಮ್ಮ ಅದರ ಅಂಗಾಲಿಗೆ ಹೊಡೆಯುತ್ತ "ಅಳೇ, ಅಳೇ, ಅತ್ತು ಸಾಯೇ ಮುಂಡೇದೇ" ಎಂದು ಬೈಯುತ್ತಲೇ ಇದ್ದಳು. ಕೊನೆಗೆ ಬೆಕ್ಕಿನ ಮರಿಯಂತೆ ಒಂದು ಸಣ್ಣ ದನಿ ಬಂತು. ಆಗ ದೊಡ್ಡಮ್ಮ ಕೆಸರಿನಲ್ಲೇ ಕೂತುಬಿಟ್ಟಳು.

ಹಳ್ಳದಿಂದ ಬಂದ ಅತ್ತೆ ಮೊದಲು ನೋಡಿದ್ದು ನಮ್ಮನ್ನಲ್ಲ, ಹರಿದ ಹಗ್ಗವನ್ನು.

"ಹೆಣದ ಮನೆ ಕಾಲು ಇಟ್ಕೊಂಡು ಒಳಗೆ ಹೋದ್ಯಾ! ನನ್ನ ವಂಶಕ್ಕೆ ಮಣ್ಣು ಹಾಕಿದ್ಯಾ!" ಎಂದು ಒದ್ದೆ ಬಟ್ಟೆಯಿಂದಲೇ ಬಡಿಯಹೋದಳು. ಒಳಗೆ ಹೋಗಿ ನೋಡಿದಾಗ ಒಲೆ ಬದಿಯಲ್ಲಿ ಹಾಸಿಗೆಯಡಿಯ ಕಾಗದ ಕಾವಿಗೆ ಕರಿಕಾಗಿ, ಕೈ ಉದ್ದದ ಬಿರುಕು ಬಿಟ್ಟಿತ್ತು. ಸರಿಯಾಗಿ ನನ್ನ ತಲೆ ಇರಬೇಕಾದಲ್ಲಿ. ಅತ್ತೆ ಬಾಯಿ ಮುಚ್ಚಿದಳು. ಅದೂ ಎಷ್ಟು ಹೊತ್ತು? ರಾತ್ರಿ ಊಟಕ್ಕೆ ಕೂತಾಗ "ಗ್ಯಾಸ್ ಹೋಯ್ತು ಸರಿ, ಗಾಳಿ ಹೊಕ್ಕಿತಲ್ಲ, ಅದಕ್ಕೇನು ಮಾಡೋದು?" ಎಂದಳು. ಅಂಥವಳನ್ನು ದೇವರೂ ಗೆಲ್ಲಲಾರ.

ನಾನು ಎದ್ದು ಕೂರುವಂತಾದ ಮೇಲೆ ಒಂದು ಸಂಜೆ ದೊಡ್ಡಮ್ಮ ನನ್ನ ಪಕ್ಕ ಜಗಲಿಯಲ್ಲಿ ಕೂತು ಕೂಸನ್ನು ತೊಡೆಗೆ ತೆಗೆದುಕೊಂಡಳು.

"ನಾನು ಕೂಗಿದೆ, ನೀನು ಓ ಅನ್ಲಿಲ್ಲ. ಹೊಗೆ ಹೆಂಚಿನ ಮೇಲೆ ತೆವಳ್ತಿತ್ತು. ಕಿವಿ ಕೊಟ್ಟು ಕೇಳಿದ್ರೆ ಒಳಗಿಂದ ಗೊರಕೆ. ನೀನು ಗೊರಕೆ ಹೊಡೆಯೋಳಲ್ಲ." ಅವಳು ತೊಡೆ ಅಲ್ಲಾಡಿಸಿ ಕೂಸನ್ನು ತೂಗಿದಳು. "ಅವತ್ತು ಇನ್ಸುಕ್‌ದೂ ಅದೇ ಗೊರಕೆ. ನಾನೇ ಕಣೇ ಬೆಂಕಿ ಹಾಕಿದ್ದು, ನಾನೇ ಬಾಗಿಲು ಒತ್ತಿದ್ದು. ಇದೇ ಜಗಲೀಲಿ ಕೂತು ಹೋಗೋರು ಬರೋರಿಗೆಲ್ಲ ಶ್, ಶ್ ಅಂತಿದ್ದೆ. ಹೆತ್ತು ದಣಿದಿದಾಳೆ, ಅಂತೂ ಕಣ್ಣು ಹತ್ತಿದೆ ಅಂತ."

ನಾನು ಅವಳ ಕಡೆಗೆ ಇನ್ನಷ್ಟು ಸರಿದು ಕೂತೆ.

"ಮಗು ಕೋಣೆ ನಡುವೆ ಇತ್ತು" ಎಂದಳು. "ನೀನು ಬಾಗಿಲ ಹತ್ರ, ಕೈ ಮುಂದೆ ಚಾಚಿ ಬಿದ್ದಿದ್ದೆ. ಯಾರಿಗೆ ಕೊಡೋಕೆ ಹೊರಟಿದ್ದೆ?"

ಮುಚ್ಚಿಡಬೇಕೆಂದುಕೊಂಡಿದ್ದೆ, ಆಗಲಿಲ್ಲ. ಎಲ್ಲ ಹೇಳಿದೆ. ಅವಳು ನನ್ನ ಮುಖ ನೋಡದೆ ಕೇಳಿಸಿಕೊಂಡಳು.

"ಯಾವ ಕೈಲಿ ಹೊದಿಕೆ ಎತ್ತಿದ್ಲು?"

"ಎಡಗೈ."

"ಹೂಂ. ಎಷ್ಟು ಹೊಡೆದ್ರೂ ಬಿಡ್ಲಿಲ್ಲ ಆ ಎಡಗೈ." ಆಮೇಲೆ ಕೇಳಿದಳು: "ಅವಳ ಕೂಸು? ಪಕ್ಕದಲ್ಲಿತ್ತಾ?"

"ನಾನು ನೋಡ್ಲಿಲ್ಲ ದೊಡ್ಡಮ್ಮಾ."

"ಮಲಗಿಸಿರ್ತಾಳೆ." ಅವಳು ನನ್ನ ಕೂಸಿನ ಪಾದಗಳನ್ನು ಅಂಗೈಯಲ್ಲಿ ಮುಚ್ಚಿದಳು. "ಅವಳಿಗೆ ಕೆಟ್ಟದ್ದು ಮಾಡೋಕೆ ಬರಲ್ಲ ಕಣೇ ಸೂನಿಮ್. ಬೆಚ್ಚಗಿರೋ ಕಡೆ ಬಾ, ಬಂದೋರಿಗೆ ಬೆಚ್ಚಗಿರೋ ಕಡೆ ಬಿಡು ಅಂತ ನಾನೇ ಕಲಿಸಿದ್ದು. ಅವಳು ಇನ್ನೂ ಅಲ್ಲೇ ಕೂತು ಅದನ್ನೇ ಮಾಡ್ತಿದಾಳೆ. ಯಾರಾದ್ರೂ ಅವಳನ್ನ ಆ ಜಾಗದಿಂದ ಎಬ್ಬಿಸ್ಬೇಕಲ್ಲ. ಇನ್ನೊಬ್ಬಳು ಒಳಗೆ ಹೋಗೋ ಮುಂಚೆ ಎಬ್ಬಿಸ್ಬೇಕು."

ಆ ವಾರವೇ ಅವಳು ತನ್ನ ಬೆಚ್ಚನೆ ಕೋಣೆಯನ್ನು ನಮಗೆ ಬಿಟ್ಟು ಕೊನೆಯ ಕೋಣೆಗೆ ಹೋದಳು. ಒಲೆಬಾಯಿಯನ್ನು ಕಲ್ಲು ಮಣ್ಣು ಹಾಕಿ ಮುಚ್ಚಿಸಿದಳು. ಬಾಗಿಲ ಬದಿಯ ತಣ್ಣನೆ ಮೂಲೆಯಲ್ಲಿ ಹಾಸಿಕೊಂಡಳು. ಚಳಿಗಾಲ ಬಂತು. ಬೋಗುಣಿಯ ನೀರು ಒಳಗೇ ಹೆಪ್ಪುಗಟ್ಟಿತು. ಮುದುಕಿಗೆ ತಲೆ ಕೆಟ್ಟಿದೆ ಎಂದರು ಓಣಿಯವರು. ನಾನು ಬಿಸಿ ಸಾರು ತೆಗೆದುಕೊಂಡು ಹೋದಾಗ ಅವಳು ಗೋಡೆಗೆ ಬೆನ್ನು ಕೊಟ್ಟು ಮಲಗಿ, ಹೊದಿಕೆಯ ಒಂದು ಅಂಚು ಎತ್ತಿ ಹಿಡಿದು, ಖಾಲಿ ಕೋಣೆಯೊಂದಿಗೆ ಮಾತಾಡುತ್ತಿದ್ದಳು.

"ಬಾರೇ ಈಕಡೆ. ತಣ್ಣಗಿದೆ, ಇರ್ಲಿ ಬಾ. ಅಮ್ಮ ಇದೀನಲ್ಲ."

"ಬಂದ್ಲಾ?" ಎಂದೆ ನಾನು. ಕೇಳಿದ ಮೇಲೆ ನನಗೇ ಹೆದರಿಕೆಯಾಯಿತು.

"ಎಲ್ಲಿ ಬರ್ತಾಳೆ. ಹುಟ್ಟಿದಾಗಿಂದ ಕಲಿಸಿದ್ದು ಒಂದು ಚಳಿಗಾಲಕ್ಕೆ ಮರೆಯುತ್ತಾ?"

ಆ ವರ್ಷವೂ ಒಲೆ ಬದಿಯ ಗೋಡೆಯ ಬುಡದಲ್ಲಿ ಹಿಮ ನಿಲ್ಲಲಿಲ್ಲ. ಮುಂದಿನ ವರ್ಷವೂ ಅಷ್ಟೇ.

ಗಣಿ ಮುಚ್ಚಿತು. ಇದ್ದಲ ಬಿಲ್ಲೆಗಳು ಹೋಗಿ ನೆಲದಡಿಯಲ್ಲಿ ಬಿಸಿನೀರಿನ ಕೊಳವೆಗಳು ಬಂದವು. ಗೋಡೆಯ ಮೇಲಿನ ಗುಂಡಿ ತಿರುಗಿಸಿದರೆ ಬೇಕಾದಷ್ಟು ಕಾವು, ಯಾರೂ ಸಾಯಬೇಕಾಗಿಲ್ಲ. ನಾವು ಎದುರುಮನೆ ಕೊಂಡೆವು. ನನ್ನ ಮಗಳು ಬೆಳೆದು ಮದುವೆಯಾದಳು. ದೊಡ್ಡಮ್ಮ ತನ್ನ ಮನೆಯ ಎಲ್ಲ ಕೋಣೆಗೂ ಕೊಳವೆ ಹಾಕಿಸಿದಳು, ಆ ಕೋಣೆಗೆ ಮಾತ್ರ ಹಾಕಿಸಲಿಲ್ಲ. "ಈ ವಯಸ್ಸಲ್ಲಿ ಚಳೀಲಿ ಸಾಯ್ತೀರಾ?" ಎಂದು ನಾನು ಜಗಳ ಆಡಿದ್ದೆಷ್ಟೋ. ಅವಳು ನಕ್ಕು, ಸಾರು ಕುಡಿದು, ಬಟ್ಟಲು ವಾಪಸು ಕೊಡುತ್ತಿದ್ದಳು.

ಹೋದ ಚಳಿಗಾಲ ಒಂದು ಬೆಳಿಗ್ಗೆ ಅವಳ ಅಂಗಳಕ್ಕೆ ಕಾಲಿಟ್ಟಾಗ ನಾನು ಮೊದಲು ಕಂಡದ್ದು ಆ ಗೋಡೆಯನ್ನು. ಅದರ ಬುಡದಲ್ಲಿ, ಒಲೆ ಬದಿಯಲ್ಲಿ, ಉಳಿದ ಕಡೆಯಷ್ಟೇ ದಪ್ಪಗೆ ಹಿಮ ಕೂತಿತ್ತು. ಸಾರಿನ ಬಟ್ಟಲನ್ನು ಹಿಮದ ಮೇಲೇ ಇಟ್ಟೆ. ಒಳಗೆ ಓಡಿದೆ.

ದೊಡ್ಡಮ್ಮ ತಣ್ಣನೆ ಮೂಲೆಯಲ್ಲಿ ಪಕ್ಕಕ್ಕೆ ತಿರುಗಿ ಮಲಗಿದ್ದಳು. ಜೀವ ಯಾವಾಗಲೋ ಹೋಗಿತ್ತು, ಮೈ ಕೊರಡಾಗಿತ್ತು, ಹುಬ್ಬಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಹೊದಿಕೆಯ ಅರ್ಧವನ್ನಷ್ಟೇ ತಾನು ಹೊದ್ದು, ಉಳಿದರ್ಧದ ಮೇಲೆ ಯಾರನ್ನೋ ಬಳಸಿ ಹಿಡಿದ ಹಾಗೆ ಕೈ ಚಾಚಿದ್ದಳು. ನಾನು ಆ ಕೈಯಡಿಯ ಖಾಲಿ ಜಾಗವನ್ನು ಮುಟ್ಟಿ ನೋಡಿದೆ.

ಬೆಚ್ಚಗಿತ್ತು. ಇಬ್ಬರು ಮಲಗಿ ಈಗಷ್ಟೇ ಎದ್ದು ಹೋದಷ್ಟು, ಒಂದು ದೊಡ್ಡ ಮೈ, ಅದರ ಮಗ್ಗುಲಲ್ಲಿ ಒಂದು ಅಂಗೈಯಗಲದ್ದು. ನಾನು ಅದರ ಮೇಲೆ ಕೂರಲಿಲ್ಲ. ಪಕ್ಕದಲ್ಲಿ ಬರಿ ನೆಲದ ಮೇಲೆ ಅಳುತ್ತ ಕೂತೆ, ಅದು ಆರುವವರೆಗೂ.